ಹಳೆಯ ಸೇನಾಕೋವಿಯ ಮೌಲ್ಯನಿರ್ಣಯ: ಗುರುತು, ಮೆರುಗು ಮತ್ತು ಕಥೆ

ಆಯುಧವನ್ನು ಆಚರಣೆಯ ಅಂಗವಾಗಿ ನೋಡುವುದು ನಮ್ಮ ಜಾನಪದ ಅಧ್ಯಯನದಲ್ಲಿ ರೂಢಿಯಾಗಿದೆ. ಅದೇ ಆಯುಧವು ಸೇನೆಯ ಉಗ್ರಾಣದಿಂದ ಹೊರಬಿದ್ದು ಸಂಗ್ರಾಹಕನ ಕೈಸೇರಿದಾಗ ಅದಕ್ಕೆ ಬೆಲೆ ಕಟ್ಟುವ ಬೇರೊಂದು ಕ್ರಮ ಆರಂಭವಾಗುತ್ತದೆ. ಮೇಲುನೋಟಕ್ಕೆ ಇದು ವ್ಯಾಪಾರದ ಲೆಕ್ಕಾಚಾರವೆನಿಸಿದರೂ ಅದರ ಒಳಗಿರುವುದು ಗ್ರಂಥಸಂಪಾದನೆಗೆ ಸಮೀಪವಾದ ವಿವೇಚನೆ. ನೇಪಾಳದ ಹಳೆಯ ಕೋವಿಗಳ ಪ್ರಸಂಗವನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯ ಶಸ್ತ್ರಾಗಾರದಲ್ಲಿ ಹತ್ತೊಂಬತ್ತನೆಯ ಶತಮಾನದ ಹತ್ತಾರು ಸಾವಿರ ಕೋವಿಗಳು ದೀರ್ಘಕಾಲ ಬಳಕೆಯಿಲ್ಲದೆ ಉಳಿದಿದ್ದವು. 2003ರಲ್ಲಿ ಅಮೆರಿಕದ ಎರಡು ವ್ಯಾಪಾರಸಂಸ್ಥೆಗಳು ಅವುಗಳನ್ನು ಒಟ್ಟಾಗಿ ಕೊಂಡವು. ಅವುಗಳಲ್ಲಿ 1837ರ ಮಾದರಿಯ ಬ್ರನ್ಸ್‌ವಿಕ್, ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹಿಂಬದಿಯಿಂದ ತುಂಬುವಂತೆ ಮಾರ್ಪಡಿಸಿದ ಸ್ನೈಡರ್, ಬ್ರಿಟಿಷ್ ಸೇನೆಯು 1871ರಲ್ಲಿ ಅಂಗೀಕರಿಸಿದ ಮಾರ್ಟಿನಿ-ಹೆನ್ರಿ ಎಲ್ಲವೂ ಇದ್ದವು. ಇವುಗಳ ಜೊತೆಗೆ ನೇಪಾಳದಲ್ಲಿಯೇ ತಯಾರಾದ ಗಹೇಂದ್ರ ಕೋವಿಯೂ ಇತ್ತು. ರಾಣಾ ಮನೆತನದ ಗಹೇಂದ್ರ ಶಂಶೇರರ ಹೆಸರು ಹೊತ್ತ ಈ ಕೋವಿ ಹೊರನೋಟಕ್ಕೆ ಮಾರ್ಟಿನಿ-ಹೆನ್ರಿಯಂತೆಯೇ ಕಾಣುತ್ತದೆ. ಒಳಗಿನ ಯಂತ್ರರಚನೆ ಬೇರೆ. ರೂಪಸಾದೃಶ್ಯವನ್ನಷ್ಟೇ ನಂಬಿದವನು ಇಲ್ಲಿ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ.

ಆದ್ದರಿಂದ ಸಂಗ್ರಾಹಕನು ಮೊದಲು ನೋಡುವುದು ಉಕ್ಕಿನ ಮೇಲಿನ ಬರಹವನ್ನು. ಬ್ರಿಟಿಷ್ ಮಾರ್ಟಿನಿಯ ಬಲಮಗ್ಗುಲಲ್ಲಿ ಕಿರೀಟ, ರಾಣಿಯ ಹೆಸರಿನ ಅಕ್ಷರಗಳು, ತಯಾರಾದ ಸ್ಥಳ, ವರ್ಷ, ಮಾದರಿಯ ಸಂಖ್ಯೆ ಇವೆಲ್ಲ ಕ್ರಮವಾಗಿ ಇರುತ್ತವೆ. ಸರ್ಕಾರದ ಸ್ವತ್ತೆಂಬುದಕ್ಕೆ ಬಾಣದ ಗುರುತು. ಸೇವೆಯಿಂದ ಹೊರಹಾಕಿ ಮಾರಿದ್ದಾದರೆ ಎರಡು ಬಾಣಗಳು ಮೊನೆಗೆ ಮೊನೆ ತಾಗುವಂತೆ ಒತ್ತಿರುತ್ತಾರೆ. ಗಹೇಂದ್ರದಲ್ಲಿ ಬರಹ, ಅಂಕಿಗಳು ದೇವನಾಗರಿಯಲ್ಲಿವೆ. ವಿಕ್ರಮಶಕೆಯ ವರ್ಷವಿದ್ದರೆ ಅದರಿಂದ 56 ಅಥವಾ 57 ಕಳೆದು ಕ್ರಿಸ್ತಶಕಕ್ಕೆ ತರಬೇಕು. ಇದು ಬರಿಯ ಪಾಂಡಿತ್ಯದ ಮಾತಲ್ಲ. ಅಮೆರಿಕದ 1968ರ ಕಾನೂನಿನಂತೆ 1898ರವರೆಗೆ ತಯಾರಾದ ಕೋವಿ ಪ್ರಾಚೀನ ವಸ್ತುವೆನಿಸುತ್ತದೆ. ಮರುವರ್ಷದ್ದು ಸಾಮಾನ್ಯವಾಗಿ ಬಂದೂಕು ಮಾತ್ರ. ಒಂದು ಅಂಕಿಯ ಓದಿನಿಂದ ಕೋವಿಯ ಬೆಲೆಯೂ ಅದನ್ನು ಕೊಳ್ಳಬಲ್ಲವರ ವ್ಯಾಪ್ತಿಯೂ ಬದಲಾಗಬಹುದು.

ಬರಹವೇ ಕಪಟವನ್ನು ಬಯಲುಮಾಡುವುದೂ ಉಂಟು. ಇಂದಿನ ಪಾಕಿಸ್ತಾನದ ದರ್ರಾ ಆದಮ್‌ಖೇಲ್‌ನ ಕುಶಲಿಗಳು ಬ್ರಿಟಿಷ್ ಕೋವಿಗಳನ್ನು ಕೈಯಿಂದಲೇ ನಕಲು ಮಾಡುತ್ತಿದ್ದರು. ಇಂಗ್ಲಿಷ್ ಅಕ್ಷರವರಿಯದ ಕೈ ಕೆತ್ತಿದ ಕಡೆ ‘ಎನ್’ ಅಕ್ಷರ ತಿರುಗುಮುರುಗಾಗಿರುತ್ತದೆ, ಕಿರೀಟ ಸೊಟ್ಟಗಾಗಿರುತ್ತದೆ. ಲಿಪಿಕಾರನ ಸ್ಖಾಲಿತ್ಯದಿಂದ ಪ್ರತಿಯ ಮೂಲವನ್ನು ಊಹಿಸುವ ನಮ್ಮ ಪದ್ಧತಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. (ಆ ನಕಲುಗಳನ್ನೇ ಜನಪದ ಕುಶಲಕಲೆಯೆಂದು ಸಂಗ್ರಹಿಸುವವರೂ ಇದ್ದಾರೆ, ಅವರದು ತಪ್ಪೆನ್ನಲಾರೆ.) ಬಿಡಿಭಾಗಗಳ ಮೇಲಿನ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪರೀಕ್ಷೆಯೂ ಇದೇ ಬಗೆಯದು. ಹಲವು ಕೋವಿಗಳ ಭಾಗಗಳನ್ನು ಕೂಡಿಸಿ ಮಾಡಿದ್ದು ಎಷ್ಟೇ ಸುಂದರವಾಗಿರಲಿ, ಅದು ಮಿಶ್ರಪಾಠ.

ಇನ್ನು ಮೆರುಗಿನ ವಿಚಾರ. ಹೆಚ್ಚು ಹಾನಿಯಾಗುವುದು ಇಲ್ಲಿಯೇ. ತುಕ್ಕನ್ನು ಉಜ್ಜಿ ಹೊಳೆಯುವಂತೆ ಮಾಡಿದರೆ ಬೆಲೆ ಏರುವುದೆಂಬ ತಿಳಿವಳಿಕೆ ವ್ಯಾಪಕವಾಗಿದೆ; ವಾಸ್ತವದಲ್ಲಿ ಅದು ಇಳಿಯುತ್ತದೆ. ಉಜ್ಜುಕಾಗದವು ತುಕ್ಕಿನೊಡನೆ ಗುರುತುಗಳ ಅಂಚನ್ನೂ ತಿನ್ನುತ್ತದೆ, ಮರದ ಹಿಡಿಯ ಮೇಲೆ ಒತ್ತಿದ ಸೇನಾತುಕಡಿಯ ಮುದ್ರೆಯನ್ನು ಅಳಿಸುತ್ತದೆ. ಗಟ್ಟಿಯಾದ ಹಳೆಯ ಜಿಡ್ಡನ್ನು ಕರಗಿಸಿ ತೆಗೆಯುವುದು ಬೇರೆ, ಲೋಹವನ್ನು ಸವೆಸುವುದು ಬೇರೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಗೊಳಿಸಿ, ತೋಕ್‌ಪೂ ಮುಡಿಸಿ ಪೂಜಿಸುವುದನ್ನು ಬಲ್ಲ ನಮಗೆ ಈ ನಿಷೇಧ ವಿಚಿತ್ರವೆನಿಸೀತು. ಅಲ್ಲಿ ಶುಚಿಮಾಡುವುದು ಆಯುಧಕ್ಕೆ ಸಲ್ಲಿಸುವ ಗೌರವ. ಸಂಗ್ರಾಹಕನಿಗೆ ಅದೇ ಕ್ರಿಯೆ, ಮಿತಿಮೀರಿದರೆ, ಸಾಕ್ಷ್ಯನಾಶ. ಮನೆತನದ ಕೋವಿಗೆ ಪೇಟೆಯ ಅಳತೆಗೋಲನ್ನು ಹಿಡಿಯಬೇಕಾಗಿಲ್ಲ. ಆದರೆ ಹಬ್ಬಕ್ಕೆ ಮೊದಲು ಅದರ ಮೇಲಿನ ಗುರುತುಗಳನ್ನು ಬರೆದಿಟ್ಟುಕೊಂಡರೆ ಆಚರಣೆಗೇನೂ ಲೋಪವಾಗದು.

ಕಥೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಇಂಥ ಯುದ್ಧದಲ್ಲಿ ಇಂಥ ವೀರನು ಹಿಡಿದದ್ದು ಎಂಬ ಮಾತು ದಾಖಲೆಯ ಆಧಾರವಿಲ್ಲದಿದ್ದರೆ ಮಾರುವವನ ಜಾಣ್ಮೆಯೆಂದೇ ಎಣಿಸಲ್ಪಡುತ್ತದೆ. ಕೋವಿಯನ್ನು ಕೊಳ್ಳು, ಕಥೆಯನ್ನಲ್ಲ ಎಂಬುದು ಸಂಗ್ರಾಹಕರಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಜಾನಪದ ವಿದ್ವಾಂಸನು ಇದನ್ನು ಪೂರ್ಣವಾಗಿ ಒಪ್ಪಲಾರ. ಕಥೆಯು ಕೋವಿಯ ವಯಸ್ಸಿಗೆ ಪ್ರಮಾಣವಾಗದಿರಬಹುದು, ಅದನ್ನು ಇಟ್ಟುಕೊಂಡವರ ನೆನಪಿಗಂತೂ ಪ್ರಮಾಣ. ಎರಡನ್ನೂ ಬೇರೆಬೇರೆಯಾಗಿ ದಾಖಲಿಸುವುದು ಯುಕ್ತ.

ನೇಪಾಳದ ಪ್ರಸಂಗದಲ್ಲಿ ಇನ್ನೊಂದು ನಷ್ಟವೂ ಆಗಿದೆ. ಶಸ್ತ್ರಾಗಾರದಲ್ಲಿ ಒಟ್ಟಾಗಿದ್ದಾಗ ಆ ಕೋವಿಗಳು ಒಂದು ರಾಜ್ಯದ ಸೇನೆ ಬೆಳೆದ ಬಗೆಯ ದಫ್ತರವಾಗಿದ್ದವು: ಯಾವ ತುಕಡಿಗೆ ಯಾವ ಮಾದರಿ, ಯಾವುದು ಆಮದು, ಯಾವುದು ಸ್ಥಳೀಯ ಎಂಬುದನ್ನು ಸಾಲಾಗಿಟ್ಟು ಓದಬಹುದಾಗಿತ್ತು. ಒಂದೊಂದಾಗಿ ಮಾರಾಟವಾದ ಮೇಲೆ ಪ್ರತಿಯೊಂದಕ್ಕೂ ಬೆಲೆ ಬಂದಿತು. ಹಿಡಿಯ ಮೇಲಿನ ದೇವನಾಗರಿ ಮುದ್ರೆಗಳೀಗ ದೂರದೂರದ ಮನೆಗಳ ಗೋಡೆಗಳಲ್ಲಿ, ಪಕ್ಕದ ಸಂಖ್ಯೆ ಯಾವುದೆಂದು ಹೇಳುವವರಿಲ್ಲದೆ ಉಳಿದಿವೆ.