ಕೆಲಸಕ್ಕೆ ಮುಂಚೆ ಒಂದು ಓಟ

ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತಿನ ರಸ್ತೆಯಲ್ಲಿ ನಸುಕಿನ ನಾಲ್ಕೂವರೆ ಗಂಟೆಗೆ ಯಾರಿರುತ್ತಾರೆಂದು ವಾಚಕರು ಕೇಳಿದರೆ, ಹಾಲಿನವನು, ಪತ್ರಿಕೆಯವನು, ಎರಡು ನಾಯಿಗಳು ಮತ್ತು ನಾವು ಎಂದು ಉತ್ತರ ಕೊಡಬೇಕಾಗುತ್ತದೆ. ನಾಯಿಗಳು ಮೊದಲ ವಾರ ನಮ್ಮನ್ನು ಅಟ್ಟಿದವು. ಎರಡನೆಯ ವಾರ ಬರಿದೆ ಬೊಗಳಿದವು. ಈಗ ತಲೆಯೆತ್ತಿಯೂ ನೋಡುವುದಿಲ್ಲ. ಇಷ್ಟು ನಿಧಾನವಾಗಿ ಓಡುವವನಿಂದ ಯಾರಿಗೂ ಅಪಾಯವಿಲ್ಲವೆಂದು ಅವು ತಿಳಿದುಕೊಂಡಿರಬೇಕು.

ನಾವು ಹುಟ್ಟು ಓಟಗಾರರಲ್ಲ. ಊರಿನಲ್ಲಿ ಶಾಲೆಗೆ ತಡವಾದಾಗ ಗದ್ದೆಯ ಅಂಚಿನ ಮೇಲೆ ಓಡಿದ್ದೇ ಕೊನೆ. ಅನಂತರ ಫೋರ್ಟಿನ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷ ಲೆಕ್ಕದ ಮುಂದೆ ಕುಳಿತೆವು. 2017ರಲ್ಲಿ, ನಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ, ದಾದರ್ ನಿಲ್ದಾಣದ ಸೇತುವೆಯನ್ನು ಹತ್ತುವಾಗ ಅರ್ಧದಲ್ಲಿ ನಿಂತು ಕಂಬವನ್ನು ಹಿಡಿದುಕೊಳ್ಳಬೇಕಾಯಿತು. ಡಾಕ್ಟರರು ರಕ್ತವನ್ನು ಪರೀಕ್ಷಿಸಿ, ಸಕ್ಕರೆ ಗಡಿಯಲ್ಲಿ ನಿಂತಿದೆ, ಹೃದಯಕ್ಕೆ ದೋಷವಿಲ್ಲ, ಇನ್ನು ಕಾಲಿಗೆ ಕೆಲಸ ಕೊಡಿ ಎಂದರು. ನಲವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡಕ್ಕೆ ಮದ್ದು ಸೇವಿಸುವವರು ಈ ಪರೀಕ್ಷೆಯನ್ನು ಮೊದಲು ಮುಗಿಸಿಕೊಂಡೇ ರಸ್ತೆಗಿಳಿಯಬೇಕು. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಅದನ್ನು ಸಹಿಸಿಕೊಂಡು ಮುಂದುವರಿಯುವುದು ಶೌರ್ಯವಲ್ಲ. ಅಲ್ಲೇ ನಿಲ್ಲಬೇಕು, ವೈದ್ಯರನ್ನು ಕಾಣಬೇಕು.

ಮೊದಲ ದಿನ ನಾವು ಲೋಕಲ್ ಹಿಡಿಯುವ ರಭಸದಲ್ಲಿ ಹೊರಟು, ಮುನ್ನೂರು ಹೆಜ್ಜೆಗೆಲ್ಲ ಬಾಯಿ ಬಿಟ್ಟುಕೊಂಡು ಕಟ್ಟೆಯೊಂದರ ಮೇಲೆ ಕುಸಿದೆವು. ಆಗ ಪಕ್ಕದಲ್ಲಿ ಓಡಿಕೊಂಡು ಬಂದ ತರುಣನೊಬ್ಬ ನಿಂತು, "ಅಣ್ಣಾ, ಮಾತಾಡ್ಲಿಕ್ಕೆ ಆಗ್ತದಾ?" ಎಂದು ಕನ್ನಡದಲ್ಲೇ ಕೇಳಿದ. ನಾವು ಕೈಯಾಡಿಸಿ ಇಲ್ಲವೆಂದೆವು. "ಹಾಗಾದ್ರೆ ನೀವು ಓಡಿದ್ದು ಜಾಸ್ತಿ ಆಯ್ತು ಮಾರಾಯ್ರೇ. ಮಾತಾಡ್ತಾ ಓಡ್ಲಿಕ್ಕೆ ಆಗ್ಬೇಕು" ಎಂದ. ದೂರದ ಓಟದ ಬಗ್ಗೆ ಮುಂದೆ ನಾವು ಓದಿದ ಪುಸ್ತಕಗಳೆಲ್ಲ ಈ ಮಾತನ್ನೇ ಹತ್ತು ಪುಟಗಳಲ್ಲಿ ಹೇಳಿದವು. ಉಸಿರು ಮಾತಿಗೆ ಉಳಿಯುವಷ್ಟು ನಿಧಾನವಾಗಿ ಓಡಿದರೆ ಹೃದಯವೂ ಸ್ನಾಯುಗಳೂ ಮೆಲ್ಲನೆ ಪಳಗುತ್ತವೆ. ವಾರದ ಓಟದಲ್ಲಿ ಬಹುಪಾಲು ಹೀಗೆಯೇ ಇರಬೇಕು.

ಆತ ಕುಂದಾಪುರದ ಕಡೆಯವನು, ಸಮೀಪದ ಹೊಟೇಲಿನಲ್ಲಿ ಸಪ್ಲಾಯರ್. ಆರು ಗಂಟೆಗೆ ಹೊಟೇಲಿನ ಬಾಗಿಲು ತೆರೆಯುವ ಮುನ್ನ ಓಡಿ, ಮಿಂದು, ಸಮವಸ್ತ್ರ ತೊಟ್ಟು ನಿಲ್ಲುವನು. ಹತ್ತು ಗಂಟೆ ಮೇಜುಗಳ ನಡುವೆ ತಿರುಗುವವನಿಗೆ ಮತ್ತೆ ಓಟವೇಕೆಂದು ನಾವೂ ಕೇಳಿದೆವು. ವಾಚಕರಲ್ಲಿ ಹೊಟೇಲಿನ ಬಂಧುಗಳು ಬಹಳವಿರುವುದರಿಂದ ಈ ಪ್ರಶ್ನೆಯ ಬಳಿ ತುಸು ನಿಲ್ಲಬೇಕು. ನಿಲ್ಲುವುದು ಬೇರೆ, ನಡೆಯುವುದು ಬೇರೆ, ಓಡುವುದು ಬೇರೆ. ದೋಸೆ ಕಾವಲಿಯ ಮುಂದೆ ಅಥವಾ ಗಲ್ಲೆಯ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತಾಗ ರಕ್ತ ಕಾಲಿನಲ್ಲೇ ತಂಗುತ್ತದೆ. ಅದನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ಆ ಸ್ನಾಯು ಕುಗ್ಗಿ ಹಿಗ್ಗದಿದ್ದರೆ ಸಂಜೆಯ ವೇಳೆಗೆ ಪಾದ ಊದುತ್ತದೆ, ವರ್ಷಗಳು ಕಳೆದಂತೆ ಕೆಲವರಿಗೆ ನರಗಳು ನೀಲಿಗಟ್ಟಿ ಗಂಟಾಗುತ್ತವೆ. ನಿಂತ ದಣಿವು ದೇಹವನ್ನು ಸವೆಸುತ್ತದೆಯೇ ಹೊರತು ಎದೆಗೆ ಬಲ ಕೊಡುವುದಿಲ್ಲ. ಕೆಲಸದ ನಡುವೆ ಬಿಡುವಾದಾಗ ಹಿಮ್ಮಡಿಯನ್ನೆತ್ತಿ ಬೆರಳುಗಳ ಮೇಲೆ ಇಪ್ಪತ್ತು ಬಾರಿ ನಿಲ್ಲುವುದು ಆತನ ರೂಢಿ. ದಣಿಗಳು ಮೊದಲು ನಕ್ಕರಂತೆ. ಬಳಿಕ ಅವರೂ ಗಲ್ಲೆಯ ಹಿಂದೆ ಮಾಡತೊಡಗಿದರಂತೆ.

ಆದರೆ ಇದರ ಇನ್ನೊಂದು ಮಗ್ಗುಲನ್ನು ಮರೆಮಾಚುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ, ನೆಲ ತೊಳೆದು, ಒಂದು ಗಂಟೆಗೆ ಮಲಗುವವನು ನಾಲ್ಕಕ್ಕೆ ಏಳಬಾರದು. ನಿದ್ರೆಯನ್ನು ಕದ್ದು ಓಡಿದ ಓಟ ಮೈಗೆ ಸಲ್ಲುವುದಿಲ್ಲ. ಗಾಯ ಬರುವುದೂ ಅಂಥ ದಿನಗಳಲ್ಲೇ. ವಾರಕ್ಕೆ ಮೂರು ದಿನ, ಪಾಳಿ ಅನುಕೂಲವಾದಾಗ, ಅರ್ಧ ಗಂಟೆ ಓಡಿದರೂ ಧಾರಾಳವಾಯಿತು. ಆರಂಭದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಡೆಯುವುದರಲ್ಲಿ ಅವಮಾನವೇನಿಲ್ಲ. ಶಿವಾಜಿ ಪಾರ್ಕಿನ ಹೊರಸುತ್ತು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಅದನ್ನು ಒಮ್ಮೆ ಹೀಗೆ ಸುತ್ತಲು ಬಂದ ದಿನ ನಾವು ಮನೆಗೆ ಬಂದು ಮಡದಿಗೆ ಹೇಳಿದೆವು. "ಬರುವಾಗ ಕೊತ್ತಂಬರಿ ಸೊಪ್ಪು ತಂದಿರಾ?" ಎಂದಷ್ಟೇ ಆಕೆ ಕೇಳಿದಳು.

ಓಟಕ್ಕೆ ಬೇಕಾದ ಸಾಮಗ್ರಿಯೆಂದರೆ ಬೂಟೊಂದೇ. ಅದನ್ನು ಸಂಜೆಯ ಹೊತ್ತು ಕೊಳ್ಳಬೇಕು, ಏಕೆಂದರೆ ದಿನದ ಕೊನೆಗೆ ಪಾದ ಉಬ್ಬಿರುತ್ತದೆ. ಮುಂಭಾಗದಲ್ಲಿ ಹೆಬ್ಬೆರಳಿನಗಲ ಜಾಗ ಬಿಡದಿದ್ದರೆ ಉಗುರು ಕಪ್ಪಾಗಿ ಕಳಚುತ್ತದೆ. ನಮ್ಮವು ಎರಡು ಹೋಗಿವೆ. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ಬೂಟನ್ನು ಒಲೆಯ ಬಳಿ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆಯನ್ನು ಮುದ್ದೆಮಾಡಿ ತುರುಕಿದರೆ ನೀರನ್ನು ಹೀರಿಕೊಳ್ಳುತ್ತದೆ. ಓದಿ ಮುಗಿದ ಮೇಲೆ ಈ ಪುಟವನ್ನೂ ಹಾಗೆ ಬಳಸಿದರೆ ನಮಗೆ ಬೇಸರವಿಲ್ಲ. ತೊಡೆಸಂದಿನಲ್ಲಿಯೂ ಕಂಕುಳಿನಲ್ಲಿಯೂ ಉಜ್ಜಿ ಗಾಯವಾಗದಂತೆ ತೆಂಗಿನೆಣ್ಣೆ ಸವರಿಕೊಂಡರೆ ಸಾಕು.

ಮುಂಬಯಿಯ ದೊಡ್ಡ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು. ಅದರ ಪೂರ್ಣ ದೂರ 42.195 ಕಿಲೋಮೀಟರ್. ಈ ಬೆಸ ಅಂಕಿ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ದೂರ. 1921ರಲ್ಲಿ ಅದನ್ನೇ ಶಾಶ್ವತವಾಗಿ ನಿಗದಿಮಾಡಿದರು. ನಮ್ಮ ದೇಶದ ಶಿವನಾಥ ಸಿಂಗರು 1978ರಲ್ಲಿ ಜಾಲಂಧರದಲ್ಲಿ ಇದನ್ನು 2 ಗಂಟೆ 12 ನಿಮಿಷಗಳಲ್ಲಿ ಮುಗಿಸಿದ್ದು ದಶಕಗಳ ಕಾಲ ಭಾರತದ ದಾಖಲೆಯಾಗಿ ನಿಂತಿತ್ತು. ನಾವು ಅದರ ಇಮ್ಮಡಿ ಸಮಯದಲ್ಲಿ ಮುಗಿಸಿಯೇವೆಂದುಕೊಂಡು 2020ರ ಜನವರಿಯ ಓಟಕ್ಕೆ ಹೆಸರು ಕೊಟ್ಟೆವು. ಸಂಗಾತಿಯೂ ಕೊಟ್ಟ. ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬುದು ಆತನ ಬಯಕೆ. ಅದಕ್ಕಾಗಿ ಎಂಟು ತಿಂಗಳು ಅಭ್ಯಾಸ ಮಾಡಿದ್ದ. ಆ ಭಾನುವಾರದ ಬೆಳಗಿನ ಪಾಳಿಗೆ ಬದಲಿಯಾಗಿ ಇನ್ನೊಬ್ಬನ ಎರಡು ರಾತ್ರಿ ಪಾಳಿಗಳನ್ನು ಮಾಡಿಕೊಟ್ಟಿದ್ದ.

ನಾವು ಅಂದು ಮಾಡಿದ ತಪ್ಪುಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇವೆ. ಬೋರಿಬಂದರದಿಂದ ಹೊರಟಾಗ ಜನರ ಚಪ್ಪಾಳೆಗೆ ಹಿಗ್ಗಿ, ಮೊದಲ ಹತ್ತು ಕಿಲೋಮೀಟರನ್ನು ಅಭ್ಯಾಸಕ್ಕಿಂತ ಬಹಳ ಬೇಗನೆ ಓಡಿದೆವು. ಮಂಡಿ ನೋವಿಗೆಂದು ಬೆಳಿಗ್ಗೆ ಮಾತ್ರೆ ನುಂಗಿದ್ದೆವು. ನೀರಿನ ಮೇಜು ಕಂಡಲ್ಲೆಲ್ಲ ಬಾಯಾರಿಕೆ ಇಲ್ಲದಿದ್ದರೂ ಕುಡಿದೆವು. ಹಿಂದೆಂದೂ ತಿನ್ನದ ಸಿಹಿಯ ಪೊಟ್ಟಣವೊಂದನ್ನು ಯಾರೋ ಕೊಟ್ಟರೆಂದು ತಿಂದೆವು. ಸೀ ಲಿಂಕ್ ದಾಟಿ, ಮಾಹಿಮ್ ಹಾದು ಹಿಂದಿರುಗುವವರೆಗೆ ನಡೆದೀತು ಎನ್ನುವಂತಿತ್ತು. ಪೆಡ್ಡರ್ ರಸ್ತೆಯ ಏರು ಬರುವುದು ಓಟದ ಕೊನೆಯ ಹತ್ತು ಕಿಲೋಮೀಟರುಗಳೊಳಗೆ. ಅಲ್ಲಿ ಎರಡೂ ಮೀನಖಂಡಗಳು ಕಲ್ಲಾದವು, ಹೊಟ್ಟೆ ತೊಳಸಿತು, ನಾವು ಫುಟ್‌ಪಾತಿನ ಮೇಲೆ ಕುಳಿತೆವು.

ಆಗಿದ್ದೇನೆಂದರೆ, ದೇಹವು ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟುಕೊಳ್ಳಬಲ್ಲ ಪಿಷ್ಟ ಸುಮಾರು 400ರಿಂದ 500 ಗ್ರಾಂ ಮಾತ್ರ. ಹೆಚ್ಚಿನವರಿಗೆ ಅದು ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗುತ್ತದೆ. ವೇಗವಾಗಿ ಓಡಿದಷ್ಟೂ ಬೇಗ ಬರಿದಾಗುತ್ತದೆ. ತಿಂಗಳ ಸಂಬಳವನ್ನು ಹತ್ತನೇ ತಾರೀಖಿನೊಳಗೆ ಮುಗಿಸಿದ ಗುಮಾಸ್ತನ ಗತಿಯೇ ನಮ್ಮದಾಯಿತು. ನೀರಿನ ವಿಷಯದಲ್ಲಿ ಬಾಯಾರಿಕೆಯೇ ಅಳತೆ. ಬೆವರಿನಲ್ಲಿ ಉಪ್ಪು ಹರಿದುಹೋಗುತ್ತಿರುವಾಗ ಬರಿಯ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಪ್ರಾಣಕ್ಕೇ ಅಪಾಯವಾಗಬಲ್ಲದು. ನೋವಿನ ಮಾತ್ರೆ, ಬೆವರು, ದಣಿವು ಇವು ಸೇರಿದರೆ ಮೂತ್ರಪಿಂಡಕ್ಕೆ ಕೇಡು. ಇದೆಲ್ಲ ನಮಗೆ ಆಮೇಲೆ ತಿಳಿಯಿತು.

ನಮ್ಮ ಸಂಗಾತಿ ಹಿಂದಿನಿಂದ ಬಂದ. ಮೊದಲರ್ಧವನ್ನು ಬೇಕೆಂದೇ ತಡೆದು ಓಡಿ, ಈಗ ಒಬ್ಬೊಬ್ಬರನ್ನೇ ದಾಟುತ್ತ ಬರುತ್ತಿದ್ದ. ನಮ್ಮನ್ನು ಕಂಡು ನಿಂತ. "ನೀನು ಹೋಗು ತಮ್ಮಾ, ನಾವು ಎದ್ದು ಬರುತ್ತೇವೆ" ಎಂದೆವು. ಆತ ಕೈಗಡಿಯಾರವನ್ನೊಮ್ಮೆ ನೋಡಿದ. ಆ ನೋಟವನ್ನು ನಾವು ಇಂದಿಗೂ ಮರೆತಿಲ್ಲ. ಅನಂತರ ಕುಳಿತು, ನಮ್ಮ ಪಾದವನ್ನು ಮಡಿಲಿಗೆಳೆದುಕೊಂಡು ಬೆರಳುಗಳನ್ನು ಹಿಂದಕ್ಕೆ ಒತ್ತಿದ; ಜೇಬಿನ ಕಾಗದದ ಪೊಟ್ಟಣದಿಂದ ಉಪ್ಪನ್ನು ನಾಲಿಗೆಗೆ ಹಚ್ಚಿದ; ಸ್ವಯಂಸೇವಕರ ಮೂಲಕ ವೈದ್ಯರ ತಂಡವನ್ನು ಕರೆಸಿದ. ಅವರು ಇನ್ನು ಓಡಕೂಡದೆಂದು ನಮ್ಮನ್ನು ವಾಹನದಲ್ಲಿ ಕೂರಿಸಿದ ಮೇಲೆಯೇ ಆತ ಹೊರಟ. ಮುಗಿಸಿದ್ದು ನಾಲ್ಕು ಗಂಟೆ ಹದಿನೆಂಟು ನಿಮಿಷಕ್ಕೆ. ಮಧ್ಯಾಹ್ನ ಎರಡರ ಪಾಳಿಗೆ ಹಾಜರಾದ. ಸಂಜೆ ನಾವು ಕ್ಷಮೆ ಕೇಳಲು ಹೊಟೇಲಿಗೆ ಹೋದಾಗ, ಇತರ ಗಿರಾಕಿಗಳಿಗೆಂಬಂತೆ ಲೋಟದಲ್ಲಿ ನೀರಿಟ್ಟು, "ಕಾಫಿಗೆ ಸಕ್ಕರೆ ಬೇಡ ಅಲ್ವಾ ಅಣ್ಣಾ?" ಎಂದು ಕೇಳಿ ಒಳಗೆ ನಡೆದ.

ಮುಂದಿನ ವರ್ಷ ತೀರಿಸುತ್ತೇವೆಂದುಕೊಂಡೆವು. ಮಾರ್ಚಿನಲ್ಲಿ ಮಹಾಮಾರಿ ಬಂದು ಹೊಟೇಲುಗಳು ಮುಚ್ಚಿದವು. ಆತ ಊರಿಗೆ ಹೋದವನು ಅಲ್ಲೇ ಹೆದ್ದಾರಿಯ ಬದಿಗೆ ಚಹಾದ ಅಂಗಡಿ ಹಾಕಿದ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ರಸ್ತೆಯಲ್ಲಿ ಈಗಲೂ ಓಡುತ್ತಾನೆ. ಮುಂಬಯಿಯ ಓಟ 2021ರಲ್ಲಿಯೂ 2022ರಲ್ಲಿಯೂ ನಡೆಯಲಿಲ್ಲ. 2023ರ ಜನವರಿಯಲ್ಲಿ ನಾವು ಒಬ್ಬರೇ ಹೋದೆವು. ಹಿಂದಿನ ರಾತ್ರಿ ಮನೆಯ ಅನ್ನ, ಸಾರು. ನಸುಕಿನಲ್ಲಿ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಒಂದು ಬಾಳೆಹಣ್ಣು. ಎಣ್ಣೆಯ ವಡೆಯನ್ನು ಮರುದಿನಕ್ಕೆ ಇಟ್ಟೆವು. ಪೆಡ್ಡರ್ ರಸ್ತೆಯ ಏರನ್ನು ನಡೆದೇ ಹತ್ತಿದೆವು. ಐದು ಗಂಟೆ ಇಪ್ಪತ್ತಾರು ನಿಮಿಷ. ಪದಕವನ್ನು ಅಂಚೆಯಲ್ಲಿ ಮರವಂತೆಯ ಕಡೆಗೆ ಕಳಿಸಿದೆವು. ನಿಮ್ಮದು ನಿಮಗೇ ಇರಲಿ, ನನ್ನ ಅಂಗಡಿಯಲ್ಲಿ ಮೊಳೆಗೆ ಜಾಗವಿಲ್ಲ ಎಂದು ಬರೆದು ಆತ ಹಿಂದಕ್ಕೆ ಕಳಿಸಿದ. ಜೊತೆಗೆ ಒಂದು ಸೇರು ಗೇರುಬೀಜವಿತ್ತು.

ಇತ್ತೀಚೆಗೆ ಅದೇ ಹೊಟೇಲಿನ ಕ್ಲೀನರ್ ಹುಡುಗನೊಬ್ಬ ನಮ್ಮೊಡನೆ ಓಡಲು ಬರುತ್ತಿದ್ದಾನೆ. ಕಾಲಿಗೆ ರಬ್ಬರಿನ ಚಪ್ಪಲಿ. ನಮ್ಮ ಹಳೆಯ ಬೂಟು ಎಂಟನೆಯ ನಂಬರಿನದು, ಆತನಿಗೆ ಒಂಬತ್ತು ಬೇಕು. ಬರುವ ಮಂಗಳವಾರ ಆತನಿಗೆ ರಜೆ. ಪಾದ ಉಬ್ಬಿರುವ ಹೊತ್ತು ನೋಡಿಕೊಂಡು, ಸಂಜೆ ಆರರ ಮೇಲೆ ದಾದರಿನ ಅಂಗಡಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.