ಗರ್ಭಕೋಶದ ಒಳಪದರದಲ್ಲಿ ಬಂದೋಬಸ್ತ್

ಐವಿಎಫ್‌ನಲ್ಲಿ ಎರಡು ಸಲ ಒಳ್ಳೆಯ ಭ್ರೂಣವನ್ನೇ ಇಟ್ಟರೂ ನಿಲ್ಲಲಿಲ್ಲ. ಈಗ ಬಯಾಪ್ಸಿ ಮಾಡಿಸಿ, ‘ಕ್ರಾನಿಕ್ ಎಂಡೋಮೆಟ್ರೈಟಿಸ್’ ಎಂದು ಬರೆದು ಹದಿನಾಲ್ಕು ದಿನದ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ನೋವಿಲ್ಲ, ಜ್ವರವಿಲ್ಲ, ಬಿಳಿಸೆರಗಿಲ್ಲ. ಇಲ್ಲದ ಕಾಯಿಲೆಗೆ ಮಾತ್ರೆ ನುಂಗಬೇಕೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಕೇಳಬೇಕಾದ ಪ್ರಶ್ನೆಯೇ ಇದು. ಗರ್ಭಕೋಶದ ಒಳಪದರದ ದೀರ್ಘಕಾಲದ ಉರಿಯೂತ ಬಹುಪಾಲು ಸದ್ದಿಲ್ಲದೆ ಇರುತ್ತದೆ. ಸ್ಕ್ಯಾನಿಂಗ್‌ನಲ್ಲೂ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಹಾಗಿದ್ದರೆ ಅದು ಇದೆ ಎಂದು ಹೇಳುವವರು ಏನನ್ನು ನೋಡಿ ಹೇಳುತ್ತಾರೆ? ಇದಕ್ಕೆ ಉತ್ತರ ಹುಡುಕಿದರೆ ನೂರು ವರ್ಷಕ್ಕೂ ಹಿಂದಿನ ವಿಯೆನ್ನಾಗೆ ಹೋಗಬೇಕಾಗುತ್ತದೆ.

ಆಗಿನ ವೈದ್ಯರು ಗರ್ಭಕೋಶವನ್ನು ಕೆರೆದು ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಂದು ಚೂರಿನಲ್ಲಿ ಪದರ ತೆಳ್ಳಗೆ, ಗ್ರಂಥಿಗಳು ನೇರ. ಇನ್ನೊಂದರಲ್ಲಿ ಪದರ ಉಬ್ಬಿದೆ, ಗ್ರಂಥಿಗಳು ಸುರುಳಿ ಸುರುಳಿ. ಉಬ್ಬಿದ್ದಕ್ಕೆಲ್ಲ ಉರಿಯೂತ ಎಂದು ಹೆಸರಿಟ್ಟರು. ಫ್ರಿಟ್ಜ್ ಹಿಟ್ಷ್‌ಮನ್ ಮತ್ತು ಲುಡ್ವಿಗ್ ಆಡ್ಲರ್ ಎಂಬಿಬ್ಬರು ಸ್ತ್ರೀರೋಗತಜ್ಞರು ಚೂರುಗಳನ್ನು ಮುಟ್ಟಿನ ಎಷ್ಟನೆಯ ದಿನದ್ದು ಎಂದು ಲೆಕ್ಕ ಹಿಡಿದು ಸಾಲಾಗಿ ಜೋಡಿಸಿದರು. ಉಬ್ಬುವುದು, ಸುರುಳಿಯಾಗುವುದು ಎಲ್ಲವೂ ತಿಂಗಳು ತಿಂಗಳೂ ನಡೆಯುವ ಸಹಜ ಕ್ರಿಯೆ ಎಂಬುದು ಎದ್ದು ಕಂಡಿತು. 1907 ಮತ್ತು 1908ರಲ್ಲಿ ಅವರು ಅದನ್ನು ಪ್ರಕಟಿಸಿದಾಗ, ಅದುವರೆಗೆ ರೋಗವೆಂದು ಕೆರೆಸಿಕೊಂಡ ಎಷ್ಟೋ ಹೆಂಗಸರಿಗೆ ರೋಗವೇ ಇರಲಿಲ್ಲವೆಂದಾಯಿತು. ನಿಜವಾದ ಉರಿಯೂತದ ಗುರುತು ಯಾವುದು ಎಂಬುದನ್ನೂ ಅವರೇ ತೋರಿಸಿದರು: ಪ್ಲಾಸ್ಮಾ ಕೋಶ. ಈ ಕೋಶ ಮಾಡುವ ಕೆಲಸವೇ ಪ್ರತಿಕಾಯಗಳ ತಯಾರಿಕೆ ಎಂದು ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ ತೋರಿಸಿದ್ದು 1948ರಲ್ಲಿ.

ಪ್ಲಾಸ್ಮಾ ಕೋಶವನ್ನು ಬಂದೋಬಸ್ತಿಗೆ ಬಂದ ಪೊಲೀಸರಂತೆ ನೋಡಬಹುದು. ಬೀದಿಯ ಮೂಲೆಯಲ್ಲಿ ಒಬ್ಬ ಪೇದೆ ಕೂತಿದ್ದರೆ ಯಾರೂ ಬೆಚ್ಚುವುದಿಲ್ಲ. ಮೀಸಲು ಪಡೆಯ ವ್ಯಾನು ಬಂದು ವಾರಗಟ್ಟಲೆ ನಿಂತರೆ ಒಳಗೆ ಏನೋ ಗಲಾಟೆಯಿದೆ ಎಂದರ್ಥ. ಅಂಥ ಬೀದಿಗೆ ಹೊಸ ಸಂಸಾರ ಬಾಡಿಗೆಗೆ ಬರಲು ಹಿಂಜರಿಯುತ್ತದೆ. ಭ್ರೂಣದ ಕಷ್ಟವೂ ಹೆಚ್ಚುಕಡಿಮೆ ಅದೇ. ಆದರೆ ಪೊಲೀಸರು ಕಂಡರೆಂದು ಕಳ್ಳ ಸಿಕ್ಕಿದಂತಲ್ಲ. ಕಳ್ಳ ಓಡಿಹೋದ ಮೇಲೂ ವ್ಯಾನು ನಿಂತಿರಬಹುದು. ಎಷ್ಟು ಜನ ಪೊಲೀಸರಿದ್ದರೆ ಗಲಾಟೆ ಎಂದು ಕರೆಯಬೇಕು ಎಂಬುದರಲ್ಲೂ ಒಮ್ಮತವಿಲ್ಲ. ಒಂದು ಲ್ಯಾಬು ಒಂದೇ ಕೋಶ ಕಂಡರೂ ಸಾಕೆನ್ನುತ್ತದೆ, ಇನ್ನೊಂದು ಐದಾದರೂ ಬೇಕೆನ್ನುತ್ತದೆ. ಆರೋಗ್ಯವಂತ ಹೆಂಗಸರಲ್ಲೂ ಅಲ್ಲೊಂದು ಇಲ್ಲೊಂದು ಪ್ಲಾಸ್ಮಾ ಕೋಶ ಕಾಣುವುದುಂಟು.

ಮಾಮೂಲಿ ಬಣ್ಣ ಹಾಕಿದ ಸ್ಲೈಡಿನಲ್ಲಿ ಇವನ್ನು ಸುತ್ತಲಿನ ಕೋಶಗಳಿಂದ ಬೇರ್ಪಡಿಸುವುದು ಕಷ್ಟ. ಅದಕ್ಕೆ ಸಿಡಿ138 ಎಂಬ ಗುರುತು ಹಿಡಿಯುವ ವಿಶೇಷ ಬಣ್ಣ ಹಾಕುತ್ತಾರೆ. ಆಗ ಕೋಶದ ಅಂಚು ಕಂದಾಗಿ ಎದ್ದು ಕಾಣುತ್ತದೆ. ನ್ಯೂಕ್ಲಿಯಸ್ ಒಂದು ಬದಿಗೆ ಸರಿದಿರುತ್ತದೆ. ರಿಪೋರ್ಟಿನಲ್ಲಿ ಸಿಡಿ138 ಮಾಡಿದ್ದಾರೆಯೇ, ಎಷ್ಟು ಕೋಶ ಎಣಿಸಿದ್ದಾರೆ ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಿಲ್ಲ.

ಗಲಾಟೆ ಎಬ್ಬಿಸುವವು ಬಹುಪಾಲು ಸಾಮಾನ್ಯ ಬ್ಯಾಕ್ಟೀರಿಯಾಗಳೇ: ಇ. ಕೋಲೈ, ಎಂಟರೋಕಾಕಸ್, ಸ್ಟ್ರೆಪ್ಟೊಕಾಕಸ್, ಮೈಕೊಪ್ಲಾಸ್ಮಾ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು ಸಲ, ಹದಿನಾಲ್ಕು ದಿನ ಎಂಬ ಕ್ರಮ ಹೆಚ್ಚು ಬಳಕೆಯಲ್ಲಿದೆ. ಅದಕ್ಕೆ ಬಗ್ಗದಿದ್ದರೆ ಸಿಪ್ರೊಫ್ಲಾಕ್ಸಸಿನ್ ಮತ್ತು ಮೆಟ್ರೊನಿಡಜೋಲ್ ಜೋಡಿ. ಜಪಾನಿನ ಕಿತಾಯಾ ತಂಡ 2017ರಲ್ಲಿ ವರದಿ ಮಾಡಿದಂತೆ, ಮೊದಲ ಸುತ್ತಿನ ಡಾಕ್ಸಿಸೈಕ್ಲಿನ್‌ಗೇ 117 ಹೆಂಗಸರಲ್ಲಿ 108 ಮಂದಿಯ ಉರಿಯೂತ ಇಳಿದಿತ್ತು.

ಉರಿಯೂತ ಇಳಿಯುವುದು ಒಂದು, ಮಗು ಹುಟ್ಟುವುದು ಇನ್ನೊಂದು. ಇಟಲಿಯ ಬಾರಿ ನಗರದ ಎತ್ತೋರೆ ಚಿಚಿನೆಲ್ಲಿ ತಂಡ 2015ರಲ್ಲಿ ಕೊಟ್ಟ ಅಂಕಿಗಳು ಕ್ಲಿನಿಕ್ಕುಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ: ಔಷಧದಿಂದ ಗುಣವಾದ 46 ಮಂದಿಯಲ್ಲಿ ಮುಂದಿನ ಐವಿಎಫ್‌ನಲ್ಲಿ ಜೀವಂತ ಹೆರಿಗೆ ಶೇ 60.8, ಉರಿಯೂತ ಉಳಿದ 15 ಮಂದಿಯಲ್ಲಿ ಶೇ 13.3. ಕೇಳಲು ಅಮೋಘ. ಆದರೆ ಶೇ 13.3 ಅಂದರೆ ಹದಿನೈದರಲ್ಲಿ ಇಬ್ಬರು. ಅದಕ್ಕಿಂತ ಮುಖ್ಯವಾಗಿ, ಎರಡೂ ಗುಂಪಿನವರು ಮಾತ್ರೆ ನುಂಗಿದವರೇ. ಔಷಧಕ್ಕೆ ಬಗ್ಗಿದ ದೇಹಗಳನ್ನು ಬಗ್ಗದ ದೇಹಗಳ ಜೊತೆ ಹೋಲಿಸಿದ್ದಾರೆ. ಮಾತ್ರೆ ತೆಗೆದುಕೊಂಡವರನ್ನು ತೆಗೆದುಕೊಳ್ಳದವರ ಜೊತೆ ಅಲ್ಲ. ‘ಈ ಕೋರ್ಸ್ ಮುಗಿಸಿ, ಶೇ 60 ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ಅದು ಆ ಅಧ್ಯಯನ ಹೇಳದ ಮಾತು. ಯುರೋಪಿನ ತಜ್ಞರ ಸಂಘವಾದ ಎಶ್ರೆ 2023ರಲ್ಲಿ, ಮತ್ತೆ ಮತ್ತೆ ಭ್ರೂಣ ನಿಲ್ಲದವರಲ್ಲಿ ಈ ಪರೀಕ್ಷೆಯನ್ನು ‘ಪರಿಗಣಿಸಬಹುದು’ ಎಂದಿದೆ, ಮಾಡಲೇಬೇಕು ಎಂದಿಲ್ಲ. ನನಗೆ ಆ ಎಚ್ಚರ ಸರಿಯೆನಿಸುತ್ತದೆ. ಬಯಾಪ್ಸಿಯಲ್ಲಿ ಕೋಶಗಳು ಸ್ಪಷ್ಟವಾಗಿ ಕಂಡರೆ ಎರಡು ವಾರದ ಅಗ್ಗದ ಮಾತ್ರೆ ನ್ಯಾಯವಾದ ಪ್ರಯತ್ನ. ಪರೀಕ್ಷೆಯೇ ಇಲ್ಲದೆ ‘ಇರಲಿ’ ಎಂದು ಎಲ್ಲರಿಗೂ ಬರೆದುಕೊಡುವುದು ತಪ್ಪು. ನಮ್ಮಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಇ. ಕೋಲೈ ಈಗಾಗಲೇ ದೊಡ್ಡ ತಲೆನೋವು.

ಓದುಗರು ಕೇಳಿರುವ ಮಾತ್ರೆಯ ಬಗ್ಗೆ ಒಂದೆರಡು ಮಾತು. ಡಾಕ್ಸಿಸೈಕ್ಲಿನನ್ನು ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬಾರದು. ಗಂಟಲ ಕೆಳಗೆ ಸಿಕ್ಕಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಐವಿಎಫ್‌ಗೆ ಹೋಗುವವರು ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳನ್ನೂ ನುಂಗುತ್ತಿರುತ್ತಾರೆ. ಅವು ಈ ಔಷಧಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ, ಆದ್ದರಿಂದ ನಡುವೆ ಕೆಲವು ಗಂಟೆ ಅಂತರವಿರಲಿ. ಗರ್ಭಿಣಿಯರಿಗೆ ಇದು ಸಲ್ಲದು, ಹಾಗಾಗಿ ಭ್ರೂಣ ಇಡುವ ಮೊದಲೇ ಕೋರ್ಸ್ ಮುಗಿಯಬೇಕು. ಉರಿಯೂತ ಇಳಿದಿದೆಯೇ ಎಂದು ತಿಳಿಯಲು ಇನ್ನೊಂದು ಬಯಾಪ್ಸಿಯೇ ದಾರಿ.

ಭಾರತದಲ್ಲಿ ಇನ್ನೊಂದು ಅನುಮಾನ ಸದಾ ಇರಬೇಕು: ಗರ್ಭಕೋಶದ ಕ್ಷಯ. ಅದೂ ಸದ್ದಿಲ್ಲದೆ ಬಂಜೆತನ ತರುತ್ತದೆ, ಡಾಕ್ಸಿಸೈಕ್ಲಿನ್‌ಗೆ ಜಗ್ಗುವುದಿಲ್ಲ. ಆರು ತಿಂಗಳ ಕ್ಷಯದ ಚಿಕಿತ್ಸೆಯೇ ಬೇಕು. ಪ್ಲಾಸ್ಮಾ ಕೋಶ ಹುಡುಕುವ ಬಯಾಪ್ಸಿಯನ್ನು ಮುಟ್ಟು ನಿಂತ ಕೆಲವೇ ದಿನಗಳಲ್ಲಿ ತೆಗೆಯುವುದು ರೂಢಿ. ಕ್ಷಯದ ಗಂಟುಗಳಾದರೋ ಪ್ರತಿ ಮುಟ್ಟಿನಲ್ಲೂ ಪದರದೊಂದಿಗೆ ಉದುರಿಹೋಗಿ, ಮತ್ತೆ ಬಲಿಯಲು ವಾರಗಳು ಬೇಕು. ಅವನ್ನು ಹುಡುಕಲು ಮುಂದಿನ ಮುಟ್ಟಿಗೆ ತುಸು ಮೊದಲು ಚೂರು ತೆಗೆಯುತ್ತಾರೆ.