ಬಲೆಯೊಳಗೊಂದು ಕ್ಯಾಮೆರಾ, ಬುಟ್ಟಿಯಲ್ಲಿ ಮರಿ ಬೂತಾಯಿ

ಮೂಡುಬಿದಿರೆಯ ನಮ್ಮ ಓಣಿಗೆ ಮೀನಿನ ಗಾಡಿ ಪೋಂ ಪೋಂ ಅಂತ ಬಂದಾಗ ನಾನು ಬಕೆಟ್‌ನೊಳಗೆ ಇಣುಕುತ್ತೇನೆ. ಬೂತಾಯಿ ಬೆರಳುದ್ದ ಕೂಡ ಇರುವುದಿಲ್ಲ.

"ಇದು ಮರಿ ಅಲ್ವಾ ಅಣ್ಣ?"

"ಬಂದದ್ದೇ ಇದು ಅಕ್ಕ. ತಾಜಾ ಉಂಟು."

ಅವರದ್ದೇನು ತಪ್ಪು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೆಲ್ಲ ಮಂಗಳೂರಿನ ದಕ್ಕೆಯಿಂದ, ಮಲ್ಪೆಯಿಂದ ಬಂದದ್ದನ್ನೇ ಮಾರಬೇಕು. ಪಕ್ಕದ ಕೇರಳ 2015ರಲ್ಲಿ ಮೀನಿನ ಕನಿಷ್ಠ ಅಳತೆಗೇ ಕಾನೂನು ಮಾಡಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಹತ್ತು ಸೆಂ.ಮೀ. ಅಂದರೆ ನಮ್ಮ ಎಟಿಎಂ ಕಾರ್ಡಿಗಿಂತ ಚೂರು ಉದ್ದ, ಅಷ್ಟೇ. ಮೊಟ್ಟೆ ಇಡುವ ಮೊದಲೇ ಹಿಡಿದರೆ ಮುಂದಿನ ವರ್ಷ ಮೀನು ಎಲ್ಲಿಂದ ಬರಬೇಕು?

ಆದರೆ ನೀರಿನೊಳಗಿರುವ ಮೀನನ್ನು ಅಳೆಯುವುದು ಹೇಗೆ? ನಾರ್ವೆಯ ಬರ್ಗೆನ್‌ನ ಕಂಪನಿಯೊಂದು ಇದಕ್ಕೆ 'ಡೀಪ್ ವಿಷನ್' ಎಂಬ ಸಾಧನ ಮಾಡಿದೆ. ಟ್ರಾಲ್ ಬಲೆಯೊಳಗೇ ಜೋಡಿ ಕ್ಯಾಮೆರಾ. ಹಾದುಹೋಗುವ ಮೀನಿನ ಚಿತ್ರ ನೋಡಿ ಅದು ಯಾವ ಜಾತಿ, ಎಷ್ಟು ಉದ್ದ ಅಂತ ಕೃತಕ ಬುದ್ಧಿಮತ್ತೆ ಹೇಳುತ್ತದೆ. ಬಲೆ ಮೇಲೆತ್ತಿ, ಸತ್ತ ಮರಿಗಳನ್ನು ನೋಡಿ ಬೇಸರಪಡುವ ಬದಲು, ಬಲೆ ನೀರಲ್ಲಿರುವಾಗಲೇ ಗೊತ್ತಾಗುತ್ತದೆ.

ನಮ್ಮಲ್ಲಿ ತಂತ್ರಜ್ಞಾನ ಇಲ್ಲವೆಂದಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಉಪಗ್ರಹದಿಂದ ಸಮುದ್ರದ ಬಿಸಿ, ಪಾಚಿಯ ಹಸಿರು ಅಳೆದು, ಮೀನು ಎಲ್ಲಿ ಸೇರಬಹುದು ಅಂತ ಮೀನುಗಾರರಿಗೆ ತಿಳಿಸುತ್ತದೆ. ಹುಡುಕಾಟದ ಡೀಸೆಲ್ ಉಳಿಯುತ್ತದೆ, ಒಳ್ಳೆಯದೇ. ಆದರೆ ಅದು ಮೀನು ಹುಡುಕುವ ವಿದ್ಯೆ, ಬಿಡುವ ವಿದ್ಯೆ ಅಲ್ಲ ಮಾರಾಯ್ರೆ! ಕೆನಡಾದವರು ಸೋನಾರ್ ಹಿಡಿದ ದೊಡ್ಡ ಟ್ರಾಲರ್‌ಗಳಿಂದ ಕಾಡ್ ಮೀನು ಹಿಡಿದು ಹಿಡಿದು, ಕೊನೆಗೆ 1992ರಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 30 ಸಾವಿರ ಮಂದಿಯ ಕೆಲಸ ಹೋಯಿತು.

ಬೆಳ್ತಂಗಡಿಯ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನಿಗೆ ಆಹಾರ ಹಾಕಿ ಕೈ ಮುಗಿಯುವ ನಾವೇ ಸಮುದ್ರದ ಮೀನಿನ ಬಗ್ಗೆ ಕೇಳುವುದು ರೇಟು ಮಾತ್ರ.

ಎಲ್ಲ ಬೋಟಿಗೂ ನಾರ್ವೆಯ ಕ್ಯಾಮೆರಾ ಹಾಕಲು ಆಗಲಿಕ್ಕಿಲ್ಲ, ಅದು ದುಬಾರಿ. ಮರಿ ನುಸುಳಿ ಹೋಗುವಂಥ ಚೌಕ ಕಣ್ಣಿನ ಬಲೆ ಅಗ್ಗ. ಜೂನ್-ಜುಲೈಯ 61 ದಿನದ ರಜೆಯೂ ಇದೆ. ಹಾಗಾಗಿ ನನಗನ್ನಿಸುವುದು, ನಮ್ಮ ಕೃತಕ ಬುದ್ಧಿಮತ್ತೆಯ ಕೆಲಸ ದಕ್ಕೆಯಲ್ಲೇ ಶುರುವಾಗಲಿ. ಇಳಿಸಿದ ಬುಟ್ಟಿಯ ಫೋಟೋ ಫೋನಲ್ಲಿ ತೆಗೆದರೆ ಮರಿ ಎಷ್ಟು, ಬೆಳೆದದ್ದೆಷ್ಟು ಅಂತ ಎಣಿಸುವ ಒಂದು ಆಪ್. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ತಂಗಿ-ತಮ್ಮಂದಿರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಫಾರ್ವರ್ಡ್ ಮಾಡಿ.